ಕುಣಾಲ ಅಳಲಿಲ್ಲ

ಹಿಟ್ಟಿನ ಗಿರಣಿಯ ತಿರುವಿಗೆ ಬಂದ ಕೂಡಲೇ ಪೂನಮ ನಿಂತಳು. ನಿಲ್ಲುತ್ತಾಳೆಂದು ಪ್ರಣಾಲಿಗೆ ಗೊತ್ತಿತ್ತು. ಈಗ ವಾರದ ಮೇಲಾಯಿತು, ದಿನಾ ಮುಂಜಾನೆ ಅಣ್ಣನ ಹೆಂಡತಿ ಇಲ್ಲಿಯೇ ನಿಲ್ಲುತ್ತಾಳೆ, ಹೆಗಲಿನ ಚೀಲ ಸರಿಮಾಡಿಕೊಳ್ಳುವ ನೆವದಲ್ಲಿ ತಲೆ ತಗ್ಗಿಸಿ, ಕಿವಿಯನ್ನು ಮಾತ್ರ ಹಿಂದೆ ಮನೆಯ ಕಡೆ ಬಿಟ್ಟು. ಮನೆಯಿಂದ ಮಗನ ಅಳು ಕೇಳಿಸಬೇಕು. ಕೇಳಿಸಿತೆಂದರೆ ಅವಳ ಮುಖ ಸಡಿಲಾಗುತ್ತದೆ, “ನಡಿ, ಬಸ್ ತಪ್ತದ” ಅನ್ನುತ್ತಾಳೆ, ಆಮೇಲೆ ಭಾಲ್ಕಿಯ ಬಸ್ ಸ್ಟ್ಯಾಂಡಿನ ತನಕ ಪ್ರಣಾಲಿಯೇ ಓಡೋಡಿ ಅವಳನ್ನು ಹಿಡಿಯಬೇಕು. ಇವತ್ತು ಕರೆಂಟ್ ಹೋಗಿ ಗಿರಣಿ ಸುಮ್ಮನಿತ್ತು. ಯಾರದೋ ಮನೆಯ ಕುಕ್ಕರಿನ ಸೀಟಿ, ಕಟ್ಟೆಯ ಮೇಲೆ ಯಾರೋ ಗಂಟಲು ಸರಿಮಾಡಿಕೊಂಡದ್ದು, ಆಡಿನ ಒದರಾಟ, ಎಲ್ಲ ಬಿಡಿಬಿಡಿಯಾಗಿ ಕೇಳಿದವು. ಅಳು ಮಾತ್ರ ಇಲ್ಲ. ಒಂದೂವರೆ ವರ್ಷದ ಕುಣಾಲ ಇವತ್ತು ಹೊಸ್ತಿಲಲ್ಲಿ ನಿಂತು ತಾಯಿ ಚಪ್ಪಲಿ ಮೆಟ್ಟುವುದನ್ನು ಪೂರಾ ನೋಡಿದ್ದ, ಅಂಗೈಯನ್ನು ತನ್ನ ಕಡೆಗೇ ತಿರುಗಿಸಿಕೊಂಡು ಟಾಟಾ ಮಾಡಿದ್ದ, ಆಮೇಲೆ ಅಜ್ಜಿಯ ಸೀರೆ ಜಗ್ಗಿ ಬಿಸ್ಕೀಟಿನ ಡಬ್ಬಿಯ ಕಡೆ ಬೆರಳು ತೋರಿಸಿದ್ದ.

“ಅಳವಲ್ಲ” ಎಂದಳು ಪೂನಮ. ಮಳೆ ಬರವಲ್ಲದು ಎಂದಷ್ಟೇ ಸಾದಾ ಹೇಳಿದ್ದಳು. ಹೋದ ಆದಿತ್ಯವಾರ ಇದೇ ಪೂನಮ ಎಲ್ಲರೆದುರಿಗೆ ಆಡಿದ ಮಾತು ಇಬ್ಬರ ನಡುವೆ ಬಂದು ನಿಂತುಬಿಟ್ಟಿತ್ತು. ಔರಾದ ಕಡೆಯ ಸಾಲೆಯಲ್ಲಿ ಮಾಸ್ತರನಾದ ಅಶ್ವಜಿತ ವಾರಕ್ಕೊಮ್ಮೆ ಬರುವ ಗಂಡ. ಬಂದವನ ತಾಟಿಗೆ ರೊಟ್ಟಿ ಬಡಿಸುತ್ತ ಅವ್ವ ವಾರದ ಸುದ್ದಿಯನ್ನೆಲ್ಲ ಬಡಿಸಿದ್ದಳು, ಕೂಸು ತಾಯಿಯನ್ನು ಹಚ್ಚಿಕೊಂಡಿಲ್ಲ, ಪ್ರಣಾಲಿಯ ಕಾಲೇಜಿನ ಪರೀಕ್ಷೆಯಲ್ಲಿಯೇ ಅದು ಗೊತ್ತಾಗಿದೆ, ಈಗ ದಿನಾ ಮುಂಜಾನೆ ಅದನ್ನು ಅಳಿಸುವ ಹೊಸ ಪದ್ಧತಿ ಸುರುವಾಗಿದೆ, ಎಂದು. ಅಶ್ವಜಿತ ಸಿಟ್ಟಿನ ಮನುಷ್ಯನಲ್ಲ. “ಔರಾದಕ್ಕ ಬಂದುಬಿಡ್ರಿ ಇಬ್ಬರೂ. ಕೆಲಸ ಹೋದರ ಹೋಗ್ಲಿ, ಕೂಸಿಗಿ ನಿನ್ನ ಗುರ್ತರ ಸಿಗ್ತದ” ಎಂದಿದ್ದ. ಪೂನಮ ತಲೆ ಎತ್ತದೆ ಹೇಳಿದ್ದಳು, “ಅಂವ ನನ್ನ ಸಲುವಾಗಿ ಅಳೋತನಕ ನಾ ಕೆಲಸ ಬಿಡಂಗಿಲ್ರಿ. ಅಳೋದ ನಿಂತ ದಿನ ನಾನೇ ಹೋಗಿ ಸೂಪರ್‌ವೈಜರಗ ಹೇಳಿ ಬರ್ತೇನಿ.” ಬಗೆಹರಿಯಿತೆಂದು ಎಲ್ಲರೂ ಕೈತೊಳೆದಿದ್ದರು. ಅಳು ನಿಲ್ಲುತ್ತದೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ಪ್ರಣಾಲಿಯೊಬ್ಬಳೇ.

ಪೂನಮಳ ಕೆಲಸ ಬೀದರಿನ ಬದಿಯ ಕೊಳಾರದಲ್ಲಿ, ಔಷಧಿ ತುಂಬುವ ಒಂದು ಕಂಪನಿಯಲ್ಲಿ. ಹರಿದು ಬರುವ ಗುಳಿಗೆಯ ಪಟ್ಟಿಗಳಲ್ಲಿ ಗುಳಿಗೆ ಬೀಳದೆ ಖಾಲಿ ಉಳಿದ ಗೂಡನ್ನು ಕಣ್ಣಿನಲ್ಲಿ ಹಿಡಿದು ಆ ಪಟ್ಟಿಯನ್ನು ಬದಿಗೆ ಎಳೆಯುವುದು. ಇಡೀ ದಿನ ಅದೇ. ತುಂಬಿದ್ದು ಕಣ್ಣಿಗೆ ಬೀಳುವುದೇ ಇಲ್ಲ, ಖಾಲಿ ಇದ್ದದ್ದು ತಾನಾಗಿ ಕಾಣುತ್ತದೆ ಎಂದು ಒಮ್ಮೆ ಹೇಳಿದ್ದಳು. ಔರಾದ ತಾಲೂಕಿನ ಎಕಂಬಾ ಅವಳ ತವರು, ಅಲ್ಲಿಯ ಅವರ ಓಣಿಯಲ್ಲಿ ಕಂಪನಿಯ ನೀಲಿ ಟೊಪ್ಪಿಗೆ ಹಾಕಿಕೊಂಡ ಮೊದಲ ಹೆಣ್ಣುಮಗಳು ಇವಳೇ. ಆ ಟೊಪ್ಪಿಗೆಯಲ್ಲಿ ತೆಗೆಸಿಕೊಂಡ ಫೋಟೋ ಅವಳ ತಾಯಿಯ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಇದೆ. ಪ್ರಣಾಲಿಯನ್ನು ಬೀದರಿನ ಕಾಲೇಜಿಗೆ ಹಾಕಲೇಬೇಕೆಂದು ಅವ್ವನ ಕೂಡ ಬಡಿದಾಡಿದವಳೂ ಇವಳೇ. “ನಾ ದಿನಾ ಹೋಗ್ತೇನಲ್ರಿ ಅತ್ತಿ, ಒಂದೇ ಬಸ್ಸಿಗಿ ಕರಕೊಂಡ ಹೋಗ್ತೇನಿ” ಎಂದು ಅವ್ವನ ಬಾಯಿ ಮುಚ್ಚಿಸಿದ್ದಳು.

ಕಾಲೇಜಿನಲ್ಲಿ ಅವಳದು ಗೃಹವಿಜ್ಞಾನ. ಅದರಲ್ಲಿ ಮಗುವಿನ ಬೆಳವಣಿಗೆ ಮತ್ತು ಕುಟುಂಬ ಸಂಬಂಧಗಳು ಎಂಬುದೊಂದು ಪಾಠ. ಓಣಿಗೆ ಅದೊಂದು ನಗೆಚಾಟಿಕೆ. “ಮದಿವಿ ಇಲ್ಲ ಮುಂಜಿ ಇಲ್ಲ, ಕೂಸಿನ ಪಾಠ ಕಲೀಲಕ ಬೀದರಕ್ಕ ಹೊಂಟಾಳ” ಎಂದು ಬಾಜೂ ಮನೆಯ ಭೀಮಬಾಯಿ ಎದುರಿಗೇ ಅನ್ನುತ್ತಿದ್ದಳು. ಅವ್ವ, ಕೌಸಲ್ಯಾಬಾಯಿ, ಅದಕ್ಕೆ ಒಗ್ಗರಣೆ ಹಾಕುವಳು. “ನಾ ನಾಕ ಹಡದೇನಿ. ನನಗ ಯಾವ ಡಿಗ್ರಿ ಕೊಡ್ತಾರಂತ ಕೇಳ ನಿಮ್ಮ ಮೇಡಮಗ.” ಪ್ರಣಾಲಿ ನಕ್ಕುಬಿಡುತ್ತಿದ್ದಳು, ಆದರೆ ನಕ್ಕದ್ದೆಲ್ಲ ಒಳಗೆ ಎಲ್ಲಿಯೋ ಜಮಾ ಆಗುತ್ತಿತ್ತು. ತೋರಿಸಬೇಕು ಇವರಿಗೆ ಎಂಬ ಹುರುಪು. ಹೀಗಾಗಿ ಒಂದು ಮಗುವನ್ನು ಒಂದು ತಾಸು ಸುಮ್ಮನೆ ಕೂತು ನೋಡಿ, ಅದು ಏನು ಮಾಡಿತೋ ಅಷ್ಟೇ ಬರೆದು ತನ್ನಿ ಎಂದು ತಹಮೀನಾ ಮೇಡಂ ಹೇಳಿದಾಗ ಸುಮ್ಮನೆ ನೋಡುವುದು ಅವಳಿಗೆ ಸಾಲದಾಯಿತು. ಪುಸ್ತಕದಲ್ಲಿ ಮುಂದಿನ ಪಾಠದಲ್ಲಿ ಒಂದು ಪ್ರಯೋಗ ಇತ್ತು. ತಾಯಿ, ಕೂಸು, ಗುರುತಿಲ್ಲದ ಒಬ್ಬ ಹೆಂಗಸು ಒಂದು ಕೋಣೆಯಲ್ಲಿ. ತಾಯಿ ಎದ್ದು ಹೊರಗೆ ಹೋಗಬೇಕು, ಸ್ವಲ್ಪ ಹೊತ್ತು ಬಿಟ್ಟು ಬರಬೇಕು. ಹೋದಾಗ ಕೂಸು ಏನು ಮಾಡಿತು, ಬಂದಾಗ ಏನು ಮಾಡಿತು ಎಂಬುದರಿಂದ ಅದರ ಹೊಟ್ಟೆಯೊಳಗಿನ ನಂಬಿಕೆ ಗೊತ್ತಾಗುತ್ತದಂತೆ. ಯಾವುದೋ ದೇಶದ ಯಾವುದೋ ತಾಯಂದಿರಿಗೆ ಮಾಡಿದ್ದನ್ನು ಭಾಲ್ಕಿಯ ತಮ್ಮ ಪಡಸಾಲೆಯಲ್ಲಿ ಮಾಡಿ ತೋರಿಸಿದರೆ ಇಡೀ ಕ್ಲಾಸು ಬಾಯಿ ತೆರೆಯುತ್ತದೆ ಎನಿಸಿತ್ತು.

ಅಣ್ಣನೆದುರು ಆ ಮಾತಾಗುವ ಒಂದು ವಾರ ಮೊದಲು, ಅಣ್ಣ ಬಂದಿರದ ಆದಿತ್ಯವಾರ, ಪೂನಮ ತಲೆಗೆ ನೀರು ಹಾಕಿಕೊಂಡು, ಕುಣಾಲನ ಹೆಸರಿಟ್ಟ ದಿನದ ಅರಿಶಿನ ಬಣ್ಣದ ಸೀರೆ ಉಟ್ಟು ಬಂದಿದ್ದಳು. ಕೂಸಿಗೂ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದಳು. ಯಾಕ್ರೀ ವೈನಿ ಇಷ್ಟೆಲ್ಲ ಎಂದು ಪ್ರಣಾಲಿ ನಕ್ಕಳು. ಪರೀಕ್ಷೆ ಯಾರದು ಎಂಬುದು ಪೂನಮಗೆ ಮೊದಲೇ ತಿಳಿದಿತ್ತು, ಪ್ರಣಾಲಿಗೆ ತಿಳಿದಿರಲಿಲ್ಲ. ಗುರುತಿಲ್ಲದ ಹೆಂಗಸಾಗಿ ಬೀದರಿನಿಂದ ಗೆಳತಿ ಖುಷ್ಬೂ ಬಂದು ಮೂಲೆಯಲ್ಲಿ ಕೂತಿದ್ದಳು. ಅವ್ವನನ್ನು ಅಡುಗೆಮನೆಯ ಪರದೆಯ ಹಿಂದೆ ಕೂಡಿಸಿದ್ದಾಯಿತು. ಎದ್ದು ಹೋಗುವ ಮುಂಚೆ ಪೂನಮ ಬಗ್ಗಿ ಮಗನ ಕಿವಿಯಲ್ಲಿ, ಚೇಷ್ಟೆಗೆ ಅಂದಂತೆ, “ಅಳಬೇಕ ನೋಡು. ಮಾನ ಕಳೀಬ್ಯಾಡ” ಎಂದದ್ದು ಪ್ರಣಾಲಿಗೆ ಕೇಳಿಸಿತು. ಅವಳು ಮುಂಬಾಗಿಲಿನಿಂದ ಹೊರಗೆ ಹೋದಳು. ಕುಣಾಲ ಬಾಗಿಲು ನೋಡಿದ, ಖುಷ್ಬೂಳನ್ನು ನೋಡಿದ, ಆಮೇಲೆ ಕೈಯಲ್ಲಿದ್ದ ಸ್ಟೀಲಿನ ಮುಚ್ಚಳವನ್ನು ನೆಲಕ್ಕೆ ಬಡಿಯತೊಡಗಿದ. ಬಡಿದೇ ಬಡಿದ. ಪೂನಮ ತಿರುಗಿ ಬಂದು ಎರಡೂ ಕೈ ಚಾಚಿ ನಿಂತರೆ ಒಮ್ಮೆ ಕಣ್ಣೆತ್ತಿ ನೋಡಿ ಮತ್ತೆ ಮುಚ್ಚಳಕ್ಕೆ ಮರಳಿದ. ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಸೆರಗು ಸರಿಮಾಡಿಕೊಂಡಳು. “ಭಾರಿ ಧೈರ್ಯದ ಹುಡುಗ” ಎಂದು ಖುಷ್ಬೂ ನಕ್ಕಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತೆಂದು ಅವ್ವ ಪರದೆಯಾಚೆ ಗಡಬಡಿಸಿ ಎದ್ದಳು. ಅಜ್ಜಿಯ ಸೀರೆ ಕಂಡು ಮರೆಯಾದದ್ದೇ ತಡ ಕುಣಾಲ ಮುಚ್ಚಳ ಒಗೆದು, ಓಣಿ ಕೇಳುವಂತೆ ಅಳುತ್ತ ಪರದೆಯ ಕಡೆ ಅಂಬೆಗಾಲಿಕ್ಕಿದ, ನಡೆಯಲು ಬರುತ್ತದೆಂಬುದನ್ನೂ ಮರೆತು. ಅವ್ವ ಅವನನ್ನೆತ್ತಿಕೊಂಡು ಬಂದು, ಗೆದ್ದವಳಂತೆ ಅಲ್ಲ, ಅದಕ್ಕಿಂತ ಕೆಟ್ಟದಾಗಿ, ಬಹಳ ಕನಿಕರದಿಂದ ಹೇಳಿದಳು, “ನಂದೇ ತಪ್ಪ ಬಿಡವಾ. ನಾನೇ ಭಾಳ ಹಚಗೊಂಡೇನಿ.” ಪ್ರಣಾಲಿ ಆಗ ಏನು ಮಾಡುತ್ತಿದ್ದಳು? ಮೊಬೈಲಿನಲ್ಲಿ ಎಲ್ಲ ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ನೋಡುತ್ತಿದ್ದಳು.

ಅದಕ್ಕೆ ಒಂದು ಹೆಸರು ಇರಬೇಕಲ್ಲ ನಿಮ್ಮ ಪುಸ್ತಕದಲ್ಲಿ, ಎಂದು ಪೂನಮ ಕೇಳಿದ್ದು ಮರುದಿನ ಬಸ್ಸಿನಲ್ಲಿ. ಕಿಟಕಿಯಾಚೆ ತೊಗರಿಯ ಹೊಲಗಳು ಹಿಂದೆ ಹೋಗುತ್ತಿದ್ದವು. ಇಲ್ಲ ವೈನಿ, ಒಂದು ದಿನದ ಆಟದಿಂದ ಏನೂ ಹೇಳಲಿಕ್ಕೆ ಬರುವುದಿಲ್ಲ, ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅದು ನಿಜವೂ ಆಗಿತ್ತು. ಆದರೆ ಉತ್ತರ ಗೊತ್ತಿರುವ ಹುಡುಗಿಗೆ ಬಾಯಿ ಎಲ್ಲಿ ನಿಲ್ಲುತ್ತದೆ. “ಅವಾಯ್ಡೆಂಟ್ ಅಂತಾರ್ರಿ ವೈನಿ. ತಾಯಿ ಹೋದರೂ ಅಳಂಗಿಲ್ಲ, ಬಂದರೂ ಹತ್ತರ ಹೋಗಂಗಿಲ್ಲ. ತಾಯಿ ಮ್ಯಾಲ ಭರೋಸಾ ಕಡಿಮಿ ಇದ್ದರ ಹಂಗ ಆಗ್ತದ” ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ್ದಳು, ಎದುರಿಗೆ ಕೂತವರು ಅಂಕ ಕೊಡುತ್ತಾರೆಂಬಂತೆ. ಪೂನಮ ಕಿಟಕಿಯ ಕಡೆ ತಿರುಗಿದಳು. ಆಮೇಲೆ, “ಹೆಸರ ಇಟ್ಟಾರಂದ್ರ ಭಾಳ ಮಂದಿಗಿ ಆಗಿರಬೇಕು” ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೀದರ ಬಂತು, ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರ ತೊಗರಿಯ ಚೀಲ ಹೇರಿದ ಲಾರಿ ಅಡ್ಡ ನಿಂತು ಬಸ್ಸು ಬಹಳ ಹೊತ್ತು ಮಿಸುಕಲಿಲ್ಲ. ಪೂನಮ ಎದುರಿನ ಸೀಟಿನ ಹೆಂಗಸಿನ ತೊಡೆಯ ಮೇಲೆ ನಿದ್ದೆಹೋದ ಕೂಸನ್ನು ನೋಡುತ್ತಿದ್ದಳು.

ಕ್ಲಾಸಿನಲ್ಲಿ ತಹಮೀನಾ ಮೇಡಂ ವಿಡಿಯೋ ನೋಡಿ ಹೊಗಳಲಿಲ್ಲ. “ಈ ಮನ್ಯಾಗ ತಾಯಿ ದಿನಾ ಕೆಲಸಕ್ಕ ಹ್ಯಾಂಗ ಹೋಗ್ತಾಳ?” ಎಂದು ಕೇಳಿದರು. ಎಲ್ಲರ ಮನೆಯಲ್ಲಿ ಹೋಗುವ ಹಾಗೆಯೇ, ಪ್ರಣಾಲಿ ಹೇಳಿದಳು. ಅವ್ವ ಕೂಸನ್ನೆತ್ತಿಕೊಂಡು ಪಾರಿವಾಳ ತೋರಿಸಲು ಹಿತ್ತಲಿಗೆ ಹೋಗುತ್ತಾಳೆ, ಅದರ ಕಣ್ಣು ತಪ್ಪಿಸಿ ವೈನಿ ಚಪ್ಪಲಿ ಕೈಯಲ್ಲಿ ಹಿಡಿದು ಓಣಿಗೆ ಬೀಳುತ್ತಾಳೆ, ಆ ಹೊತ್ತಿಗೆ ಅವಳನ್ನು ಹೆಸರು ಹಿಡಿದು ಕೂಗಬಾರದೆಂದು ಓಣಿಯವರಿಗೂ ಗೊತ್ತು. ಕೂಸು ಅಳಬಾರದಲ್ಲ. ಹುಡುಗಿಯರೆಲ್ಲ ನಕ್ಕರು, ಎಲ್ಲರ ಮನೆಯಲ್ಲೂ ಒಂದು ಪಾರಿವಾಳ ಇತ್ತು. ಮೇಡಂ ನಗಲಿಲ್ಲ. “ಅಂದ್ರ ಆ ಹುಡುಗ ತಾಯಿ ಹೋಗೋದ ಒಮ್ಮಿನೂ ನೋಡಿಲ್ಲ. ಹೋಗೋದೇ ನೋಡಲಾರದಂವ ಯಾವುದಕ್ಕ ಅಳಬೇಕು? ಹೇಳಿ ಹೋಗಲಿಕ್ಕೆ ಹೇಳು. ಮೊದಲ ನಾಕ ದಿನ ಅಳ್ತಾನ. ಆಮ್ಯಾಲ ಹೊಳ್ಳಿ ಬರ್ತಾಳ ಅಂತ ತಿಳದು ಸುಮ್ಮನಾಗ್ತಾನ. ಸುಮ್ಮನಾದ್ನಂದ್ರ ಭರೋಸಾ ಕೂತದ ಅಂತ ತಿಳಕೋ.” ಆಮೇಲೆ ಧ್ವನಿ ಬದಲಾಯಿತು. “ಮತ್ತ ನಾ ಹೇಳಿದ್ದು ನೋಡ್ರಿ ಅಂತ. ಪರೀಕ್ಷಾ ಮಾಡಂತ ನಿನಗ ಯಾರ ಹೇಳಿದ್ರು?” ಪ್ರಣಾಲಿ ಮೊಬೈಲನ್ನು ಚೀಲಕ್ಕೆ ತುರುಕಿ ಕೂತಳು. ಆದರೂ ಆ ಸಂಜೆ ಪೂನಮಗೆ ಅದನ್ನು ಹೇಳಲು ಅವಳಿಗೆ ಎಲ್ಲಿಲ್ಲದ ಅವಸರವಿತ್ತು. ನಿಮ್ಮ ತಪ್ಪಲ್ಲ ವೈನಿ, ನೀವು ಹೋಗುವುದನ್ನು ಅವನು ನೋಡೇ ಇಲ್ಲ, ನೋಡಿದರೆ ಅಳುತ್ತಾನೆ. ಅಷ್ಟು ಕೇಳುವಷ್ಟರಲ್ಲಿ ಪೂನಮಳ ಮುಖ ಹೇಗೆ ಬೆಳಗಿತೆಂದರೆ ಪ್ರಣಾಲಿಗೆ ತನ್ನ ಮೈಮೇಲಿನ ಭಾರವೆಲ್ಲ ಇಳಿದುಹೋಯಿತು. ಉಳಿದ ಅರ್ಧ ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆಗೆ ಹೇಳಲಿಲ್ಲ. ನಾಡಿದ್ದಿಗೂ ಇಲ್ಲ. ಅಷ್ಟರಲ್ಲಿ ಹೇಳುವಂತಿರಲಿಲ್ಲ.

ಯಾಕೆಂದರೆ ಕುಣಾಲ ಅತ್ತಿದ್ದ. ಪೂನಮ ಮರುದಿನವೇ ಚಪ್ಪಲಿ ಸಪ್ಪಳ ಮಾಡುತ್ತ ಮುಂಬಾಗಿಲಿಗೆ ಬಂದು, ಮಗನ ಗದ್ದ ಹಿಡಿದು, “ಮಮ್ಮಿ ಕಂಪನಿಗಿ ಹೊಂಟಾಳಪ್ಪಾ, ಸಂಜಿಗಿ ಬರ್ತಾಳ” ಎಂದು ಹೇಳಿ ಹೊಸ್ತಿಲು ದಾಟಿದಳು. ಅವನು ಒಂದು ಗಳಿಗೆ ಬೆರಗಾಗಿ ನಿಂತು, ಆಮೇಲೆ ಉಸಿರು ಕಟ್ಟಿ ಮುಖ ಕಪ್ಪಾಗುವ ತನಕ ಅತ್ತ. ಅವ್ವ ಕೆಂಡಾಮಂಡಲವಾದಳು. “ಮುಂಜಾನೆದ್ದು ಕೂಸಿನ ಹೊಟ್ಟಿ ಉರಸಿ ಹೋಗೋದು, ಇದ್ಯಾವ ಕಲಿಕಿ?” ಗಿರಣಿಯ ತಿರುವಿನಲ್ಲಿ ನಿಂತು ಕೇಳುತ್ತಿದ್ದ ಪೂನಮಳ ಮುಖವನ್ನು ಪ್ರಣಾಲಿ ಅವತ್ತು ಮೊದಲ ಸಲ ನೋಡಿದಳು. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡವಳ ಮುಖ. ಕಣ್ಣಲ್ಲಿ ನೀರೂ ಇತ್ತು, ಆದರೆ ಆ ನೀರು ಮುಖದ ಸುಖವನ್ನು ಕೆಡಿಸಿರಲಿಲ್ಲ. ಬಸ್ಸಿನಲ್ಲಿ ಗುರುತು ಪರಿಚಯವಿಲ್ಲದವರಿಗೂ ಹೇಳತೊಡಗಿದಳು, ನನ್ನ ಮಗ ನಾ ಹೊಂಟೆ ಅಂದರೆ ಓಣಿಯನ್ನೇ ಕೂಡಿಸುತ್ತಾನೆ ಎಂದು. ಮನೆಯಲ್ಲಿ ಅವ್ವ, ಇಷ್ಟು ದಿನ ತನಗಾಗಿ ಅಳುತ್ತಿದ್ದ ಕೂಸು ಇನ್ನೊಬ್ಬಳಿಗಾಗಿ ಅಳುವುದನ್ನು ಹೆಗಲ ಮೇಲೆ ಹೊತ್ತು ತಿರುಗಾಡುತ್ತಿದ್ದಳು. ಸಂಜೆ ನೋಡಿದರೆ ಅವಳ ಸೆರಗಿನ ಮೇಲೆ ಕೂಸಿನ ಜೊಲ್ಲು, ಸಿಂಬಳ ಒಣಗಿರುತ್ತಿತ್ತು. ಅವಳು ಹಿಂದಿನಂತೆ ಡಿಗ್ರಿಯ ಚೇಷ್ಟೆ ಮಾಡುತ್ತಿರಲಿಲ್ಲ. ಅದೊಂದನ್ನು ತಾನು ಗೆದ್ದೆನಲ್ಲ ಎಂದು ಪ್ರಣಾಲಿಗೆ ಅನಿಸಿ, ಅನಿಸಿದ್ದಕ್ಕೆ ನಾಚಿಕೆಯಾಯಿತು.

“ಅಳವಲ್ಲ ನೋಡು” ಎಂದು ಪೂನಮ ಮತ್ತೆ ಅಂದಳು. ಈಗ ಅವಳು ಚೀಲದ ನೆವ ಬಿಟ್ಟು ನೇರ ಮನೆಯ ಕಡೆ ತಿರುಗಿ ನಿಂತಿದ್ದಳು. ಓಣಿ ನೆಟ್ಟಗಿದ್ದುದರಿಂದ ತಿರುವಿನಿಂದಲೇ ಮನೆಯ ಹೊಸ್ತಿಲು ಕಾಣುತ್ತಿತ್ತು.

“ಇದು ಛಲೋದೇ ಅಲ್ರಿ ವೈನಿ” ಎಂದಳು ಪ್ರಣಾಲಿ. ಎಷ್ಟು ಸಲ ಮನಸ್ಸಿನಲ್ಲಿ ತಿದ್ದಿಟ್ಟಿದ್ದ ಮಾತು, ಬಾಯಿಗೆ ಬಂದಾಗ ತನಗೇ ಸುಳ್ಳೆನಿಸಿತು. “ನೀವು ಹೊಳ್ಳಿ ಬರ್ತೀರಂತ ಅವಗ ಗೊತ್ತಾಗ್ಯದ. ಭರೋಸಾ ಬಂದದ. ಅದಕ್ಕೇ ಸುಮ್ಮನಾಗ್ಯಾನ. ಮೇಡಮೂ ಹೇಳಿದ್ರು.”

“ಯಾವಾಗ ಹೇಳಿದ್ರು?”

ಪ್ರಣಾಲಿ ಪುಸ್ತಕದ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

“ಅವತ್ತ ಅಳಲಿಲ್ಲಂದ್ರ ಭರೋಸಾ ಇಲ್ಲ ಅಂದಿ. ಇವತ್ತ ಅಳಲಿಲ್ಲಂದ್ರ ಭರೋಸಾ ಅದ ಅಂತಿ.” ಪೂನಮಳ ದನಿಯಲ್ಲಿ ಸಿಟ್ಟಿರಲಿಲ್ಲ. “ನಾ ಕಲಿತಾಕಿ ಅಲ್ಲಂತ ಏನಾರ ಹೇಳಬ್ಯಾಡ ಪ್ರಣಾಲಿ. ನನ್ನ ಮನಸ ಹಿಡೀಲಕ ಅಂತೂ ಹೇಳಬ್ಯಾಡ.”

ಅವಳು ಬಾಯಿಗೆ ಕೈ ಹಚ್ಚಿ, ಓಣಿ ತಿರುಗಿ ನೋಡುವಂತೆ, “ಕುಣಾಲಾ” ಎಂದು ಕೂಗಿದಳು. ಕುಣಾಲ ಕೈಯಲ್ಲಿ ಬಿಸ್ಕೀಟು ಹಿಡಿದು ಹೊಸ್ತಿಲಿಗೆ ಬಂದ. ತಾಯಿಯನ್ನು ಕಂಡು ಬಿಸ್ಕೀಟಿನ ಕೈಯಿಂದಲೇ ಟಾಟಾ ಮಾಡಿದ. ಪೂನಮ ಗಿರಣಿಯ ಗೋಡೆಯ ಮರೆಗೆ ಸರಿದು ನಿಂತಳು, ಕಿವಿಗೊಟ್ಟಳು, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಹೊರಬಂದಳು. ಅವಳು ಹೊರಬಂದದ್ದೇ ಕುಣಾಲ ಕಿಲಕಿಲ ನಕ್ಕ. ಅವನಿಗೆ ಇದು ಕಣ್ಣಾಮುಚ್ಚಾಲೆ. ಅವಳು ಮತ್ತೆ ಮರೆಯಾದಳು, ಮತ್ತೆ ಬಂದಳು. ಅವನು ಹೊಟ್ಟೆ ಹಿಡಿದು ನಕ್ಕ, ಹಿಂದೆ ನಿಂತಿದ್ದ ಅವ್ವನೂ ನಕ್ಕುಬಿಟ್ಟಳು. ಗೋಡೆಗೆ ಬೆನ್ನು ಹಚ್ಚಿ ನಿಂತ ಪೂನಮಳ ಕೊರಳಿನಲ್ಲಿ ಕಂಪನಿಯ ಗುರುತಿನ ಚೀಟಿ ತಿರುವುಮುರುವಾಗಿ ಬಿದ್ದಿತ್ತು. ಅವಳು ಅದನ್ನು ತೆಗೆದು ಕೈಯಲ್ಲಿ ಸುತ್ತಿಕೊಂಡಳು. “ಸಾಕ ಬಿಡು. ಇವತ್ತ ಹೇಳಿಬರ್ತೇನಿ. ಔರಾದಾಗ ಇದ್ದರಾತು” ಎಂದಳು.

ಆ ಕ್ಷಣದಲ್ಲಿ ಪ್ರಣಾಲಿಯ ತಲೆ ಬಹಳ ನಿಚ್ಚಳವಾಗಿತ್ತು. ಆಮೇಲೆ ಅವಳಿಗೆ ನೆನಪಾದದ್ದು, ನೆನಪಾಗಿ ಹೆದರಿಸಿದ್ದು, ಆ ನಿಚ್ಚಳವೇ. ವೈನಿ ಕೆಲಸ ಬಿಡಬಾರದು. ಬಿಟ್ಟರೆ ಬಿಡಿಸಿದವಳು ತಾನು. ಔರಾದಿನ ಬಾಡಿಗೆ ಕೋಣೆಯಲ್ಲಿ, ಅಣ್ಣ ಸಾಲೆಗೆ ಹೋದ ಮೇಲೆ ಕೂಸಿನ ಎದುರಿಗೆ ಕೂತು, ಇವನಿಗೆ ನಾನು ಬೇಕೋ ಬೇಡವೋ ಎಂದು ದಿನವಿಡೀ ನೋಡುತ್ತ ಕೂರುವ ವೈನಿ ಕಣ್ಣಿಗೆ ಕಟ್ಟಿದಳು. ಕೂಸಿಗೆ ಈಗ ಆಗಿರುವುದು ಒಳ್ಳೆಯದು ಎಂದು ಅವಳಿಗೆ ಗೊತ್ತಿತ್ತು. ಅದನ್ನು ಹೇಗೆ ಕೆಡಿಸಬೇಕೆಂಬುದೂ ಗೊತ್ತಿತ್ತು, ಅದೂ ಅದೇ ಪಾಠದಲ್ಲಿ, ಮಾಡಬಾರದು ಎಂಬ ಮಾತಿನ ಕೂಡ ಬರೆದಿತ್ತು.

“ಕರದರ ಅಳಂಗಿಲ್ರಿ” ಎಂದಳು. “ಹೊಳ್ಳಿ ಮನಿಗಿ ಹೋಗ್ರಿ. ಎತ್ತಕೊಳ್ರಿ. ಜರಾ ಹೊತ್ತ ಎದಿಗಿ ಹಚಗೊಂಡ ನಿಲ್ರಿ, ಹೋಗೋದಿಲ್ಲಂತ ಅವಗ ಅನಸಲಿ. ಆಮ್ಯಾಲ ಇಳಸಿ, ಏನೂ ಹೇಳದಂಗ ಬಂದುಬಿಡ್ರಿ.”

ಪೂನಮ ಅವಳ ಮುಖವನ್ನೇ ನೋಡಿದಳು. ಹೀಗೆ ಮಾಡಬಹುದೇ ಎಂದು ಕೇಳಲಿಲ್ಲ. ಗುರುತಿನ ಚೀಟಿ ಮತ್ತೆ ಕೊರಳಿಗೆ ಹಾಕಿಕೊಂಡು ದಡದಡ ಮನೆಯ ಕಡೆ ನಡೆದಳು. ತಾಯಿ ಬರುವುದನ್ನು ಕಂಡು ಕುಣಾಲ ಬಿಸ್ಕೀಟು ಕೆಳಗೆ ಹಾಕಿ ಎರಡೂ ಕೈ ಎತ್ತಿದ, ಕುಣಿದ. ಅವಳು ಎತ್ತಿಕೊಂಡಳು. ಅವನು ಅವಳ ಕೊರಳಿನೊಳಗೆ ಮುಖ ಇಟ್ಟುಕೊಂಡದ್ದು, ಅವಳು ಕಣ್ಣು ಮುಚ್ಚಿದ್ದು ಇಲ್ಲಿಂದಲೇ ಕಾಣುತ್ತಿತ್ತು. ಕೈ ಚಾಚಿ ತಾಯಿಯ ಹತ್ತಿರ ಬಂದ ಕೂಸು. ಪ್ರಯೋಗದಲ್ಲಿ ನೋಡಬೇಕಾದದ್ದು ಇದೇ, ಇದಕ್ಕಿಂತ ಬೇರೆ ಏನೂ ಬೇಕಿರಲಿಲ್ಲ, ಸಾಕು ವೈನಿ ಎಂದು ಕೂಗಬೇಕೆನಿಸಿ ಪ್ರಣಾಲಿಯ ಬಾಯಿ ತೆರೆಯಿತು. ಪೂನಮ ಅವನನ್ನು ಕೆಳಗಿಳಿಸಿ ತಿರುಗಿದಳು. ಕುಣಾಲ ಅವಳ ಸೆರಗು ಹಿಡಿದಿದ್ದ. ಅವಳು ಒಂದೊಂದೇ ಬೆರಳು ಬಿಡಿಸಿದಳು. ಅಳು ಎದ್ದಿತು, ಎಂದಿಗಿಂತ ದೊಡ್ಡದು, ನಡುವೆ ಉಸಿರು ಸಿಗದೆ ಕಡಿದು ಮತ್ತೆ ಏಳುವಂಥದು. “ಏನ ಧಾಡಿ ಬಡದದ ನಿನಗ?” ಎಂದು ಅವ್ವ ಒದರಿದ್ದು ಅದರೊಳಗೆ ಅರ್ಧ ಮುಳುಗಿಹೋಯಿತು.

“ನಡಿ, ಬಸ್ ತಪ್ತದ” ಎಂದಳು ಪೂನಮ.

ಬಸ್ಸು ಸಿಕ್ಕಿತು, ಸೀಟೂ ಸಿಕ್ಕಿತು. ಪೂನಮ ಕಿಟಕಿಯ ಬದಿಗೆ ಕೂತು ಬುತ್ತಿಯಿಂದ ಅರ್ಧ ರೊಟ್ಟಿ ಮುರಿದು ಪ್ರಣಾಲಿಗೆ ಕೊಟ್ಟು ತಾನೂ ತಿಂದಳು. ಹಸಿದಿದ್ದಳು. ಪ್ರಣಾಲಿಯ ಕಿವಿಯಲ್ಲಿ ಅಳು ಇನ್ನೂ ಇತ್ತು. ಬಸ್ಸು ಊರು ಬಿಟ್ಟ ಮೇಲೂ ಇತ್ತು. ರೊಟ್ಟಿ ಬಾಯಲ್ಲಿ ತಿರುಗಿದಲ್ಲೇ ತಿರುಗುತ್ತಿತ್ತು. ನಾಳೆ? ನಾಳೆ ಎತ್ತಿಕೊಂಡು ಇಳಿಸಿದರೂ ಅವನು ಅಳದಿದ್ದರೆ? ಆಗ ಮತ್ತೊಂದು ಹೇಳಿಕೊಡಬೇಕು, ಅದೂ ತನಗೆ ಗೊತ್ತಿದೆ, ಪುಸ್ತಕ ದಪ್ಪಗಿದೆ. ಪೂನಮ ಸೆರಗಿನಿಂದ ಬಾಯಿ ಒರೆಸಿಕೊಂಡು, “ಪಾಪ, ಭಾಳ ಅತ್ತ ಇವತ್ತ” ಎಂದಳು. ಆಮೇಲೆ ತಲೆಯನ್ನು ಹಿಂದಕ್ಕೆ ಆನಿಸಿ, ಕಣ್ಣು ಮುಚ್ಚಿಕೊಂಡೇ ಹೇಳಿದಳು.

“ಸಂಜಿಗಿ ನನಕಿಂತ ಮೊದಲ ನೀ ಮನಿ ಮುಟ್ತಿ. ಎಷ್ಟೊತ್ತ ಅತ್ತ ಅಂತ ಅತ್ತಿಗಿ ಕೇಳಿ ಇಡು.”

“ಕೇಳ್ತೇನ್ರಿ ವೈನಿ” ಎಂದಳು ಪ್ರಣಾಲಿ.